ಕಾಗೆ ಕದ್ದ ದೀಪದ ಸರ

ಹೋದ ವರ್ಷ ಬೆಗ್ಗರ್ಸ್ ನೈಟ್ ದಿನ ವರ್ನಾ ಯಾರದೋ ಮನೆಯ ಭೂತವನ್ನು ಕೈಹಿಡಿದು ಕರೆತಂದಿದ್ದಳು. ಅಮೆರಿಕದ ಡಿಮೊಯಿನ್ ಊರಿನ ಆ ಬೀದಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಭೂತದ ವೇಷಕ್ಕೆಂದು ಬಿಳಿ ದುಪ್ಪಟಿ ಹೊದ್ದು ಮನೆಮನೆಗೆ ಮಿಠಾಯಿ ಕೇಳಲು ಹೊರಟಿದ್ದರು. ಮನೆಗೆ ಬಂದು ದುಪ್ಪಟಿ ಎತ್ತಿದರೆ ಮೊಮ್ಮಗಳು ಟಿಲ್ಲಿಯ ಬದಲು ಮುಂದಿನ ಹಲ್ಲಿಲ್ಲದ ಒಬ್ಬ ಪೋರ, ಬಾಯಿತುಂಬ ಚಾಕೊಲೇಟು. ಟಿಲ್ಲಿ ಅಷ್ಟು ದೂರದಲ್ಲಿ ಯಾರದೋ ಜಗಲಿಯ ಮೇಲೆ ಕೂತು ಗೋಳೋ ಎನ್ನುತ್ತಿದ್ದಳು.

ವರ್ನಾಳ ಮಗಳು ಜೋಲೀನ್ ಅದನ್ನು ಮರೆತಿರಲಿಲ್ಲ. "ಅಮ್ಮಾ, ಈ ಸಲಾನೂ ಎಡವಟ್ಟು ಮಾಡಿದ್ರೆ ಮುಂದಿನ ವರ್ಷದಿಂದ ನೀನು ಮನೇಲೇ ಕೂತು ಮಿಠಾಯಿ ಹಂಚು. ಇವಳನ್ನ ನಾನೇ ಕರ್ಕೊಂಡು ಹೋಗ್ತೀನಿ."

ವರ್ಷವಿಡೀ ಮಂಡಿನೋವು ಎನ್ನುವ ವರ್ನಾ ಈ ಒಂದು ಸಂಜೆಗಾಗಿ ಕಾದಿರುತ್ತಿದ್ದಳು. ಬಿಟ್ಟುಕೊಡುವ ಮಾತೇ ಇರಲಿಲ್ಲ. ಅದಕ್ಕೇ ಈ ಸಲ ತಾನೇ ಕೂತು ಕಾಗೆಯ ವೇಷ ಹೊಲಿದಳು. ಇಡೀ ಬೀದಿಯಲ್ಲಿ ಇನ್ನೊಂದು ಕಾಗೆ ಸಿಗುವುದಿಲ್ಲ, ಅದಲುಬದಲಿನ ಭಯವಿಲ್ಲ. ಕಪ್ಪು ರೆಕ್ಕೆ, ಕಪ್ಪು ಕೊಕ್ಕು, ಕಪ್ಪು ಕಾಲುಚೀಲ. ಟಿಲ್ಲಿ ಅಂಗಳದ ಕತ್ತಲಿಗೆ ಇಳಿದದ್ದೇ ತಡ, ಮಾಯ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದುಕೊಂಡು ವರ್ನಾ ಒಳಗೆ ಓಡಿ, ಕ್ರಿಸ್‌ಮಸ್ ಮರಕ್ಕೆ ಸುತ್ತುವ ಬ್ಯಾಟರಿ ದೀಪದ ಸರ ತಂದಳು.

"ಬೇಡ," ಎಂದಳು ಟಿಲ್ಲಿ. "ಕಾಗೆ ಮಿಣಿಮಿಣಿ ಅನ್ನಲ್ಲ ಅಜ್ಜಿ."

"ಕಾರಿನೋರಿಗೆ ನೀನು ಕಾಣ್ಬೇಕಲ್ವೇನೇ?"

"ಕಾರು ಬಂದ್ರೆ ಹಾರಿ ಹೋಗ್ತೀನಿ."

ಸರವನ್ನು ವರ್ನಾ ತನ್ನ ಕೊರಳಿಗೇ ಸುತ್ತಿಕೊಂಡಳು. ತಾನು ಕಂಡರಾಯಿತು, ಕೈ ಬಿಡದಿದ್ದರಾಯಿತು.

ಮೊದಲ ಬಾಗಿಲಲ್ಲೇ ಮುದುಕ ಕೆಲ್ಲರ್ ಊರಿನ ವಾಡಿಕೆಯಂತೆ ಮಿಠಾಯಿಯ ಬುಟ್ಟಿಯನ್ನು ಬೆನ್ನ ಹಿಂದೆ ಹಿಡಿದ. "ಮೊದಲು ಜೋಕು. ಜೋಕಿಲ್ದೆ ಬಂದೋರಿಗೆ ಏನೂ ಇಲ್ಲ."

"ಕಾಗೆ ಯಾಕೆ ಅಜ್ಜಿ ಜೊತೆ ಬಂತು?"

"ಯಾಕಮ್ಮ?"

"ಒಬ್ಬಳನ್ನೇ ಕಳಿಸಿದ್ರೆ ಅಜ್ಜಿ ಕಳೆದುಹೋಗ್ತಾಳೆ."

ಕೆಲ್ಲರ್ ಕೆಮ್ಮು ಬರುವಷ್ಟು ನಕ್ಕು ಎರಡು ದೊಡ್ಡ ಚಾಕೊಲೇಟು ಹಾಕಿದ. ವರ್ನಾ ಹಲ್ಲು ಕಚ್ಚಿಕೊಂಡು ನಕ್ಕಳು.

ಅಷ್ಟರಲ್ಲಿ ಎದುರುಮನೆಯ ಜಗಲಿಯ ದೀಪ ಹತ್ತಿತು. ಹತ್ತಿದ ದೀಪ ಎಂದರೆ ಮಿಠಾಯಿ. ಪುಟ್ಟ ಕೈ ಸರ್ರನೆ ಜಾರಿತು. ನಿಂತ ಕಾರುಗಳ ನಡುವಿನಿಂದ ಕಾಗೆ ರಸ್ತೆಗೆ ನುಗ್ಗಿತು. ಒಂದು ಪಿಕಪ್ ಕಿರ್ರೆಂದು ಅರಚಿ, ಕೊಕ್ಕಿನ ತುದಿಯ ಹತ್ತಿರವೇ ನಿಂತಿತು.

ಡ್ರೈವರ್ ಬೆವರು ಒರೆಸಿಕೊಂಡ. "ಅಜ್ಜೀ, ನೀವು ಆ ತಿರುವಿನಿಂದ್ಲೇ ಕಂಡ್ರಿ, ಬಾರ್ ಬೋರ್ಡ್ ಥರ. ಈ ಮರಿ ಕಾಣ್ಲೇ ಇಲ್ಲ!"

ವರ್ನಾ ಮಗುವನ್ನು ಎಳೆದು ಅಪ್ಪಿಕೊಂಡು ಕಾಲುದಾರಿಯ ಅಂಚಿನಲ್ಲಿ ಕುಸಿದಳು. ಬೈಯಬೇಕೆನಿಸಿತು. ಆದರೆ ಬೈದು ಸರ ಕಟ್ಟಿದರೂ ಈ ಹಟಮಾರಿ ಹುಡುಗಿ ಮುಂದಿನ ಮನೆಗೆ ಹೋಗುವಷ್ಟರಲ್ಲಿ ಕಿತ್ತೆಸೆಯುತ್ತಾಳೆ. ಉಸಿರು ಸರಿಹೋದ ಮೇಲೆ ವರ್ನಾ ತನ್ನ ಕೊರಳಿನ ಸರವನ್ನು ಬಿಚ್ಚಿ ಎದೆಗೆ ಅವಚಿಕೊಂಡಳು.

"ದೂರ ಇರು ನೀನು. ಹೊಳೆಯೋದು ಕಂಡ್ರೆ ಕದಿಯೋ ಜಾತಿ."

"ಯಾರು?"

"ಕಾಗೆಗಳು. ಹಿತ್ತಲಲ್ಲಿ ನನ್ನ ಹೇರ್‌ಪಿನ್ ಹೊತ್ಕೊಂಡು ಹೋಗಿದ್ದು ಯಾರು ಅಂದ್ಕೊಂಡೆ? ಇದನ್ನ ಮಾತ್ರ ಕೊಡಲ್ಲಪ್ಪ."

ಹೀಗೆಂದು ಸರವನ್ನು ಮಡಿಲಲ್ಲಿಟ್ಟು, ಬೇಕೆಂದೇ ಬೇರೆ ಕಡೆ ನೋಡತೊಡಗಿದಳು. ಮಡಿಲು ಹಗುರಾಯಿತು.

"ಕಳ್ಳಿ!"

"ಕಾ!" ಎಂದಳು ಟಿಲ್ಲಿ, ರೆಕ್ಕೆಯಿಂದ ರೆಕ್ಕೆಗೆ ಸರ ಸುತ್ತಿಕೊಳ್ಳುತ್ತಾ.

"ಓಡಿದ್ರೆ ಕದ್ದ ಮಾಲು ಬಿದ್ದುಹೋಗುತ್ತೆ, ನೋಡ್ಕೋ."

ಆಮೇಲೆ ಕಾಗೆ ಓಡಲಿಲ್ಲ. ಒಂದು ಕೈಯಲ್ಲಿ ಸರದ ತುದಿ, ಇನ್ನೊಂದರಲ್ಲಿ ಅಜ್ಜಿ. ಮದುಮಗಳ ಹಾಗೆ ಹೆಜ್ಜೆಯಿಟ್ಟಿತು.

ಜಗಲಿಯಲ್ಲಿ ಕಾಯುತ್ತಿದ್ದ ಜೋಲೀನ್‌ಗೆ ದೂರದಿಂದ ಝಗಝಗಿಸುವ ಕಾಗೆಯೊಂದೇ ಕಂಡಿತು.

"ಅಜ್ಜಿ ಎಲ್ಲೇ?" ಎಂದು ಚೀರಿದಳು.

"ಇಲ್ಲೇ ಇದ್ದೀನಿ ಕಣೇ," ಎಂದಿತು ಕತ್ತಲು. ವರ್ನಾಳ ಕೋಟೂ ಕಪ್ಪು, ಟೊಪ್ಪಿಯೂ ಕಪ್ಪು.

"ಅಮ್ಮಾ, ಟ್ರಕ್ ಗುದ್ದೋದ್ರಲ್ಲಿತ್ತು!" ಟಿಲ್ಲಿ ಸಂಭ್ರಮದಿಂದ ವರದಿ ಒಪ್ಪಿಸಿದಳು. "ಆಮೇಲೆ ನಾನು ದೀಪ ಕದ್ದೆ!"

ವರ್ನಾ ತಲೆ ತಗ್ಗಿಸಿದಳು. ಜೋಲೀನ್ ಮಗಳನ್ನು ಕೊಕ್ಕಿನಿಂದ ಕಾಲಿನವರೆಗೆ ತಡವಿ ನೋಡಿದಳು, ಆಮೇಲೆ ತಾಯಿಯ ಟೊಪ್ಪಿ ಎತ್ತಿ ಮುಖಕ್ಕೆ ಮುಖವಿಟ್ಟು ನೋಡಿದಳು.

"ಸದ್ಯ, ಈ ಸಲ ಎರಡೂ ನಮ್ಮ ಮನೇವೇ," ಎಂದಳು. "ಮುಂದಿನ ವರ್ಷ ನಿನಗೂ ಒಂದು ಸರ. ನಾನೂ ಬರ್ತೀನಿ, ಇಬ್ರನ್ನೂ ಹಿಡ್ಕೊಳ್ಳೋಕೆ."