ಕಮರದ ಗುಡ್ಡ ಅಳೆದ ಟೇಪು

ನಾನೊಂದು ಅಳತೆ ಟೇಪು. ಮೂವತ್ತು ಮೀಟರ್ ಉದ್ದ, ಹಳದಿ ಮೈ, ತುದಿಗೊಂದು ಕಬ್ಬಿಣದ ಉಂಗುರ. ಕಾರ್ಖಾನೆಯಲ್ಲಿ ಮೈಮೇಲೆ ಅಂಕಿ ಬಿದ್ದ ಗಳಿಗೆಯಿಂದಲೇ ನನಗೆ ಅನುಮಾನದ ಚಟ. ಅಳೆಯಲು ಬರುವವರಲ್ಲಿ ಅರ್ಧ ಜನರ ಜೇಬಿನಲ್ಲಿ ಉತ್ತರ ಮೊದಲೇ ಇರುತ್ತದೆ ಎಂದು ನಂಬಿದವನು ನಾನು.

ಮೊದಲು ಕೊಂಡವರು ಹೈಸ್ಕೂಲಿನ ವ್ಯಾಯಾಮ ಮೇಷ್ಟ್ರು ರುದ್ರಮುನಿ. ಉದ್ದಜಿಗಿತದ ಮರಳಿನಲ್ಲಿ ಉಜ್ಜಿ ಉಜ್ಜಿ ನನ್ನ ತುದಿ ಹರಿಯಿತು. ಅವರು ಮೊದಲ ಅರ್ಧ ಮೀಟರನ್ನು ಕತ್ತರಿಸಿ, ಉಂಗುರವನ್ನು ಉಳಿದ ಮೈಗೆ ಹೊಲಿದರು. ಅಳೆದಾಗಲೆಲ್ಲ ಮರೆಯದೆ ಅರ್ಧ ಮೀಟರ್ ಕಳೆಯುತ್ತಿದ್ದರು. ಅವರು ನಿವೃತ್ತರಾದ ಮೇಲೆ ನಾನು ಅಳಿಯ ಗುರುಸಿದ್ದನ ಕೈಸೇರಿದೆ.

ಗುರುಸಿದ್ದ ಕಾಡಿನ ಸರ್ವೆಗೆ ಬಂದ ತೇಜಾವತಿ ಮೇಡಂಗೆ ಸಹಾಯಕ. ಕಮರದ ಗುಡ್ಡದಲ್ಲಿ ಮರಗಳ ನೆರಳು ಎಷ್ಟಿದೆ ಎಂದು ಮೇಡಂ ಹೇಳಬೇಕಿತ್ತು. ಮರದ ತಲೆ ಎಷ್ಟು ಅಗಲ, ಪಕ್ಕದ ಮರದ ತಲೆಗೂ ಅದಕ್ಕೂ ಸಂದಿ ಎಷ್ಟು ಎಂದು ಅಳೆಯುವುದು. ಸಂದಿಯನ್ನು ಅಗಲದಿಂದ ಭಾಗಿಸಿ ಪಟ್ಟಿ ನೋಡುವುದು; ಬಂದ ಅಂಕಿ ದೊಡ್ಡದಾದಷ್ಟೂ ನೆರಳು ಕಡಿಮೆ. ನೂರಕ್ಕೆ ನಲವತ್ತು ಪಾಲು ನೆರಳಿದ್ದರೆ ಗುಡ್ಡ ಕಾಡಾಗಿ ಉಳಿಯುತ್ತದೆ, ಇಲ್ಲದಿದ್ದರೆ ಕಲ್ಲುಗಣಿಗೆ. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಕಿಲಾರಿ ಪಾಲಯ್ಯನಿಗೆ ಬೇಸಿಗೆಯಲ್ಲಿ ಮಂದೆ ನಿಲ್ಲಿಸಲು ಬೇರೆ ಜಾಗವೇ ಇರಲಿಲ್ಲ.

ನನ್ನ ಉಂಗುರ ಹಿಡಿದವನು ಅದೇ ಪಾಲಯ್ಯ. ಇವನು ನೆರಳಿನಾಸೆಗೆ, ಸಂದಿ ಕಡಿಮೆ ಬರಲೆಂದು ನನ್ನನ್ನು ಒಳಗೆ ಜಗ್ಗುತ್ತಾನೆ ಎಂದುಕೊಂಡೆ. ಗುರುಸಿದ್ದ ಗಣಿಯವರ ಜೀಪಿನಿಂದ ಇಳಿದಿದ್ದ, ಅವನ ಮೇಲೆ ಇನ್ನೂ ಗುಮಾನಿ. ಮೇಡಂ ಕಪ್ಪು ಕನ್ನಡಕ ತೆಗೆಯುತ್ತಲೇ ಇರಲಿಲ್ಲ, ಅವರನ್ನೂ ಬಿಡಲಿಲ್ಲ.

"ಉಂಗುರದ ಪಕ್ಕದಲ್ಲೇ ಐವತ್ತು ಅಂತಿದೆಯಲ್ಲ?" ಮೇಡಂ ಕೇಳಿದರು.

"ತುದಿ ಹೋಗೈತೆ ಮೇಡಂ. ಸಂದಿಗೂ ಅರ್ಧ ಮೀಟ್ರು ಜಾಸ್ತಿ ಬರ್ತದೆ, ತಲೆಗೂ ಅಷ್ಟೇ ಬರ್ತದೆ. ಭಾಗಿಸಿದ್ರೆ ಹೊಡ್ಕೊಂಡು ಹೋಗ್ತದೆ," ಎಂದ ಗುರುಸಿದ್ದ.

ಮೇಡಂ ತಲೆಯಾಡಿಸಿದರು. ನನಗೂ ಸರಿಯೆನಿಸಿತು.

ಸಂಜೆ ಲೆಕ್ಕ ಮೂವತ್ತೊಂಬತ್ತಕ್ಕೆ ನಿಂತಿತು. ಪಾಲಯ್ಯ ಒತ್ತಾಗಿದ್ದ ಎರಡು ಮರಗಳ ಎದುರು ಕುಳಿತ. ಬೈಯಲಿಲ್ಲ, ಬೇಡಲಿಲ್ಲ.

"ನೀವು ಸುಳ್ಳು ಬರಿಯಾಕಿಲ್ಲ ಬಿಡ್ರವ್ವ. ಆದ್ರೆ ಈ ಎಲ್ಡು ಮರದ ಸಂದಿ ಎಷ್ಟು ಅಂತ ಬರ್ದೀರಿ?"

"ಎಪ್ಪತ್ತೆರಡು ಸೆಂಟಿಮೀಟರ್," ಎಂದು ಮೇಡಂ ಎರಡೂ ಕೈ ಅಗಲಿಸಿ ತೋರಿಸಿದರು.

ಪಾಲಯ್ಯ ಎದ್ದುಹೋಗಿ, ಬಾಗಿದ ಕೊಂಬೆಗಳ ನಡುವೆ ಕೈ ಇಟ್ಟ. "ಒಂದು ಗೇಣೈತೆ ನೋಡ್ರವ್ವ."

ಮೇಡಂ ಕನ್ನಡಕ ತೆಗೆದರು. ಅರ್ಧ ಮೀಟರ್ ಸೇರಿದರೆ ಐದು ಮೀಟರಿನ ತಲೆ ಐದೂವರೆ ಆಗುತ್ತದೆ, ಅಷ್ಟೇ. ಆದರೆ ಗೇಣುದ್ದದ ಸಂದಿ ಮೂರು ಪಟ್ಟಾಗುತ್ತದೆ. ಹೊಡೆದುಕೊಂಡು ಹೋಗುವ ಮಾತೆಲ್ಲಿ! ಬರೆದ ಪ್ರತಿ ಅಂಕಿಯಿಂದಲೂ ಅರ್ಧ ಮೀಟರ್ ಕಳೆದರು. ನಲವತ್ತೆರಡು ಬಂತು. ಗುರುಸಿದ್ದ ಮುಖ ಸಣ್ಣದು ಮಾಡಿಕೊಂಡು, "ನಂದೇ ತಪ್ಪು ಪಾಲಯ್ಯ," ಎಂದ. ಅವನ ಜೇಬಿನಲ್ಲಿ ಯಾವ ಉತ್ತರವೂ ಇರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಲು ಹೋದವನು ನಾನು. ನಾಚಿಕೆಯಿಂದ ಸತ್ತೆ.

ಕೆಲಸಕ್ಕೆ ಬಾರದ ನನ್ನನ್ನು ಪಾಲಯ್ಯ ಕೇಳಿ ಇಟ್ಟುಕೊಂಡ. ಈಗ ಅವನ ಗುಡಿಸಲ ಬಿದಿರು ಗಳುವಿಗೆ ಸುತ್ತಿಕೊಂಡು ಮುದುಕನಾಗಿದ್ದೇನೆ. ಮೊನ್ನೆ ಇನ್ನೊಂದು ಜೀಪು ಬಂತು, ಮರು ಅಳತೆಯಂತೆ. ಹಿಂದೆಲ್ಲ ಯಾರೇ ಬರಲಿ, ಪಾಲಯ್ಯ ಬೆಲ್ಲ, ನೀರು ಹಿಡಿದು ಎದುರು ಹೋಗುತ್ತಿದ್ದ. ಮೊನ್ನೆ ಬಾಗಿಲಲ್ಲೇ ನಿಂತು ಕೈ ಚಾಚಿದ.

"ಮೊದ್ಲು ಟೇಪು ಕೊಡ್ರಪ್ಪ, ತುದಿ ನೋಡಾಣ."

ಯಾರನ್ನೂ ಶಂಕಿಸದ ಮನುಷ್ಯನಿಗೆ ಶಂಕೆ ಕಲಿಸಿದವನು ನಾನು. ಗುಡ್ಡ ಉಳಿಯಲು ಅದು ಬೇಕೇನೋ. ಆದರೂ ಬಂದವರು ಆ ಬಿಸಿಲಲ್ಲಿ ನೀರು ಕುಡಿಯದೆ ಹೋದರಲ್ಲ ಎಂಬುದು ನನ್ನನ್ನು ಕೊರೆಯುತ್ತಿದೆ.