ಖಾಲಿ ವೋಚರಿಗೆ ಹಾಕಿದ ಸಹಿ

ಹೊಲಿಗೆ ಸಂಘದ ಗುಂಡಿಯಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಹತ್ತು ವರ್ಷದಿಂದ ಅವಳೇ ಅಧ್ಯಕ್ಷೆ. ಸಂಘದ ಒಂದು ತುಂಡು ದಾರವನ್ನೂ ಮನೆಗೆ ಒಯ್ದವಳಲ್ಲ. ಮೊನ್ನೆ ಕಾಜಾ ಹಾಕುವ ಅಜ್ಜಿ ಕಣ್ಣಿನ ಆಪರೇಷನ್ನಿಗೆ ಸಹಾಯ ಕೇಳಿ ಬಂದಿದ್ದಳು. ಬಟ್ಟೆಯ ಖರ್ಚು ಕಳೆದು ಉಳಿದದ್ದು ಸೇರುವ ಸದಸ್ಯರ ನೆರವಿನ ನಿಧಿಯಲ್ಲಿ ಬಿಡಿಗಾಸಿರಲಿಲ್ಲ. ಮುಂದಿನ ವರ್ಷ ನೋಡೋಣ ಎಂದು ಗುಂಡಿಯಕ್ಕನೇ ಹೇಳಿ ಕಳಿಸಿದ್ದಳು.

ಈ ವಾರ ಆಡಿಟರಮ್ಮ ಬಂದರು. ಈ ಸಲ ಬಟ್ಟೆ ಖರೀದಿಯ ವೋಚರುಗಳನ್ನೆಲ್ಲ ಕೃತಕ ಬುದ್ಧಿಮತ್ತೆಗೆ ಓದಿಸಿದ್ದೇನೆ ಎಂದರು. ಗುಂಡಿಯಕ್ಕ ಕತ್ತರಿ ಕುಕ್ಕಿದಳು.

"ನಮ್ಮನ್ನ ಅಳೆಯೋಕೆ ಯಂತ್ರ ಬೇರೆ ಬಂತಾ? ಪ್ರತಿ ವೋಚರಿಗೂ ಎರಡು ಸಹಿ ಇದೆ. ಬಟ್ಟೆ ಎಣಿಸಿಕೊಂಡ ಸ್ಟೋರಿನವನದು ಒಂದು, ಒಪ್ಪಿಗೆ ಕೊಟ್ಟ ನಂದು ಒಂದು. ಇನ್ನೇನು ಬೇಕು ನಿಮಗೆ?"

"ಯಂತ್ರ ಯಾರನ್ನೂ ಕಳ್ಳರು ಅನ್ನಲ್ಲ ಅಕ್ಕಾ," ಎಂದರು ಆಡಿಟರಮ್ಮ. "ಮೊದಲು ನಾನು ನೂರಕ್ಕೆ ಹತ್ತು ಆರಿಸಿ ನೋಡ್ತಿದ್ದೆ. ಇದು ಎರಡು ಸಾವಿರವನ್ನೂ ಓದಿ, ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ, ಇಲ್ಲಿ ಸ್ವಲ್ಪ ಗಮನಿಸಿ ಅನ್ನುತ್ತೆ. ನಲವತ್ತೊಂದನ್ನ ತೋರಿಸಿತು. ನಾನೇ ಒಂದೊಂದಾಗಿ ವಿಚಾರಿಸಿದೆ. ಮೂರು ಸರಿಯಾಗೇ ಇವೆ, ಅದು ಯಂತ್ರದ್ದೇ ತಪ್ಪು. ಉಳಿದ ಮೂವತ್ತೆಂಟರಲ್ಲಿ ಬಟ್ಟೆ ಬಂತು ಅಂತ ಬರೆದಿರೋದು ವಾರದ ರಜೆ ದಿನ. ಅವತ್ತು ಇಲ್ಲಿ ಬೀಗ. ನೀವು ಹೇಗೆ ಸಹಿ ಹಾಕಿದ್ರಿ?"

ಗುಂಡಿಯಕ್ಕ ವೋಚರುಗಳನ್ನು ಎಳೆದುಕೊಂಡು ತನ್ನ ಸಹಿ ನೋಡಿದಳು. ಹೊಲಿಗೆ ನಡುವೆ ಪದೇ ಪದೇ ಏಳುವುದು ಬೇಡವೆಂದು ಅವಳು ತಿಂಗಳ ಮೊದಲ ದಿನವೇ ಖಾಲಿ ವೋಚರಿನ ಇಡೀ ಪುಸ್ತಕಕ್ಕೆ ಸಹಿ ಹಾಕಿ ಸ್ಟೋರಿನವನ ಕೈಗೆ ಕೊಟ್ಟುಬಿಡುತ್ತಿದ್ದಳು.

ಸ್ಟೋರಿನವನನ್ನು ಕರೆಸಿ ಕೇಳಿದರೆ, ಅವನ ಧೈರ್ಯ ನೋಡಿ: "ನೀವೇ ಸಹಿ ಹಾಕಿದ್ದೀರಲ್ಲ ಅಕ್ಕಾ!"

"ಬಾರದ ಬಟ್ಟೆಯ ದುಡ್ಡು ಜೇಬಿಗೆ ಇಳಿಸ್ಕೋ ಅಂತ ಹಾಕಿದ್ನೇನೋ?" ಅವಳ ಕೂಗಿಗೆ ಹೊಲಿಗೆ ಯಂತ್ರಗಳೆಲ್ಲ ನಿಂತವು. "ನಿಧಿ ಖಾಲಿ ಅಂತ ಆ ಅಜ್ಜಿಗೆ ಈ ಬಾಯಲ್ಲೇ ಹೇಳಿದೆನಲ್ಲೋ!"

ಅವತ್ತೇ ಸಭೆ ಸೇರಿತು. ತಪ್ಪು ನಂದೂ ಇದೆ ಎಂದು ಗುಂಡಿಯಕ್ಕ ಎಲ್ಲರೆದುರು ಒಪ್ಪಿಕೊಂಡಳು. ಸ್ಟೋರಿನವನ ಮೇಲೆ ದೂರು ಹೋಯಿತು. ವಸೂಲಾಗುವ ಮೊದಲ ಹಣ ಅಜ್ಜಿಯ ಕಣ್ಣಿಗೆಂದು ತೀರ್ಮಾನವಾಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಂಘದಲ್ಲೂ ಹೀಗೇ ನಡೆಯುತ್ತಿರಬಹುದು. ಆಡಿಟರಿಗೆ ಎಲ್ಲ ಪುಸ್ತಕ ಕೊಡಿ. ಯಂತ್ರ ಬೊಟ್ಟು ಮಾಡಿದ ಕಡೆ ಮನುಷ್ಯರು ಕೂತು ವಿಚಾರಿಸಲಿ. ಖಾಲಿ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. ಪುರುಸೊತ್ತಿಲ್ಲ ಅನ್ನಬೇಡಿ. ನೀವು ನೋಡದೆ ಸಹಿ ಹಾಕಿದ್ದಕ್ಕೆ ಯಾರೋ ಒಬ್ಬರು ನಿಮ್ಮ ಬಾಗಿಲಿಂದಲೇ ಬರಿಗೈಯಲ್ಲಿ ವಾಪಸ್ ಹೋಗುತ್ತಾರೆ.