ಮೇಲೊಂದು ಟಿಕ್, ಕೆಳಗೊಂದು ಟಿಕ್

ಬಡಗಿ ಬಾಗಿಲನ್ನು ಹೊತ್ತು ತಂದು ಅಂಗಳದ ಗೋಡೆಗೆ ಒರಗಿಸಿದಾಗ ಹಿರಿಸೊಸೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಬಾಗಿಲು ಬೇಕೇ ಬೇಕು ಅಂತ ಹಟ ಹಿಡಿದವಳು ಅವಳೇ. ಮೆಟ್ಟಿಲ ಬುಡಕ್ಕೆ ಅದನ್ನು ಕೂರಿಸಿಬಿಟ್ಟರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಮೇಲಿನವರಿಗೆ ಓಡಾಡಲು ಹಿತ್ತಲ ಕಬ್ಬಿಣದ ಮೆಟ್ಟಿಲು ಇದ್ದೇ ಇದೆ. ಸಿಟ್ಟಿನಲ್ಲಿ ಆಡಿದ ಮಾತು ಅದು. ಸಿಟ್ಟಿನ ಮಾತೂ ಬಡಗಿಯ ಕಿವಿಗೆ ಬಿದ್ದರೆ ಮರವಾಗಿ ಬಂದು ಅಂಗಳದಲ್ಲಿ ನಿಲ್ಲುತ್ತದೆ.

ಮೊದಲು ಹೀಗಿರಲಿಲ್ಲ. ಕೆಳಗೆ ಹಿರಿಸೊಸೆ, ಅವಳ ಗಂಡ, ಅತ್ತೆ, ಒಂದು ಹೊಲಿಗೆ ಯಂತ್ರ. ಮೇಲೆ ಕಿರಿಸೊಸೆ ಮತ್ತು ಅವಳ ಗಂಡ. ಕಿರಿಯವಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದವಳೇ ಮೆಟ್ಟಿಲಿಳಿದು, ಕೆಳಗಿನ ಮೆಟ್ಟಿಲಲ್ಲೇ ಕೂತು ಅಕ್ಕ ಹೊಲಿದಿಟ್ಟ ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಿದ್ದಳು. ಗುಂಡಿ ನೆಪ. ಅಂಗಡಿಗೆ ಬಂದವರು ಕೆಮ್ಮಿದ್ದು, ನರಳಿದ್ದು, ಮಾತ್ರೆ ಸಿಹಿಯಾಗಿದೆಯಾ ಅಂತ ಕೇಳಿದ್ದು, ಎಲ್ಲವನ್ನೂ ಮಾಡಿ ತೋರಿಸುವಳು. ಹಿರಿಯವಳು ಯಂತ್ರ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಗುವಳು. ವಾರಗಿತ್ತಿಯರು ಅಂದರೆ ಯಾರೂ ನಂಬುತ್ತಿರಲಿಲ್ಲ.

ಕೆಡಿಸಿದ್ದು ಒಂದು ರಜೆಯ ದಿನ. ಮೆಟ್ಟಿಲಿನ ಒಂದೇ ದೀಪಕ್ಕೆ ಮೇಲೊಂದು ಕೆಳಗೊಂದು ಇದ್ದ ಹಳೆಯ ಸ್ವಿಚ್ಚುಗಳು ಸಡಿಲವಾಗಿದ್ದವು. ಇಷ್ಟಕ್ಕೆ ಯಾರನ್ನು ಕರೆಯೋದು ಅಂತ ಅಣ್ಣತಮ್ಮ ಹೊಸದು ತಂದು ತಾವೇ ಕೈಹಾಕಿದರು. ಅಣ್ಣ ಕೆಳಗಿನದು, ತಮ್ಮ ಮೇಲಿನದು.

"ನಾನು ಹಾಕಿದ ಹಾಗೇ ಹಾಕೋ," ಅಂದ ಅಣ್ಣ.

"ನನಗೆ ಗೊತ್ತು ಬಿಡಣ್ಣ," ಅಂದ ತಮ್ಮ.

ಎತ್ತು ಏರಿಗೆ, ಕೋಣ ನೀರಿಗೆ. ಆದರೆ ಕೊನೆಗೆ ದೀಪವೇನೋ ಹತ್ತಿತು. ಕೆಳಗಿನದನ್ನು ಆರಿಸಿ ಹಾಕಿದರು, ಸರಿ. ಮೇಲಿನದನ್ನು ಆರಿಸಿ ಹಾಕಿದರು, ಅದೂ ಸರಿ. ಕೈ ಒರೆಸಿಕೊಂಡು ಊಟಕ್ಕೆ ಕೂತರು.

ಆ ಮೆಟ್ಟಿಲು ಎರಡು ಗೋಡೆಗಳ ಸಂದಿಯಲ್ಲಿತ್ತು. ಕಿಟಕಿಯಿಲ್ಲ, ನಡುಹಗಲಲ್ಲೂ ಕತ್ತಲೆ. ಅವತ್ತಿನಿಂದ ಹಿರಿಯವಳು ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಬಂದು ಸ್ವಿಚ್ಚು ಒತ್ತಿದರೆ ದೀಪವಿಲ್ಲ. ಹತ್ತು ಸಲ ಒತ್ತಿದರೂ ಇಲ್ಲ. ಗಂಡನನ್ನು ಕೇಳಿದಳು.

"ಹೊಸ ಮಾದರಿ ಸ್ವಿಚ್ಚು ಕಣೇ, ಹಾಗೇ ಅದು. ನಮ್ಮ ಕಡೆ ಎಲ್ಲಾ ಸರಿ ಇದೆ. ಮೇಲಿನವರು ಆರಿಸದೇ ಇದ್ದರೆ ಸಾಕು."

ಮೇಲೆ ತಮ್ಮನೂ ಹೆಂಡತಿಗೆ ಇದನ್ನೇ ಹೇಳಿದ್ದ: "ನಮ್ಮ ಕಡೆ ಸರಿ ಇದೆ. ಕೆಳಗಿನವರು ಆರಿಸದೇ ಇದ್ದರೆ ಸಾಕು."

ಇಬ್ಬರು ಹೆಂಗಸರಿಗೂ ಉರಿಯುವ ದೀಪವನ್ನು ಹಾಗೇ ಬಿಟ್ಟು ಗೊತ್ತಿಲ್ಲ. ಮೇಲೆ ಹೋದವಳು ಮೇಲೆ ಆರಿಸುವಳು, ಕೆಳಗೆ ಬಂದವಳು ಕೆಳಗೆ. ಸಂಜೆಯಾದರೆ ಕತ್ತಲೊಳಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬರುವುದು. ಇವಳು ನನ್ನನ್ನು ಅಣಕಿಸುತ್ತಿದ್ದಾಳೆ ಅಂತ ಹಿರಿಯವಳು ಹಲ್ಲು ಕಚ್ಚುವಳು.

ಒಂದು ದಿನ ಕಿರಿಯವಳು ಹಾಲಿನ ಪಾತ್ರೆ ಹಿಡಿದು ಇಳಿಯುವಾಗ ಕತ್ತಲಲ್ಲಿ ಮೆಟ್ಟಿಲು ತಪ್ಪಿದಳು. ಪಾತ್ರೆ ಅವಳಿಗಿಂತ ಮೊದಲು ಕೆಳಗೆ ಬಂತು, ಹಾಲು ಹಿಂದಿನಿಂದ ಬಂತು, ಕಾಲು ಉಳುಕಿತು.

"ಅಕ್ಕ, ನಾನು ಇಳಿಯೋದನ್ನೇ ಕಾದು ಆರಿಸ್ತೀರಾ ನೀವು?"

"ಅಯ್ಯೋ ನಾಲಿಗೆಯೇ! ದಿನಾ ನನ್ನ ತಲೆ ಮೇಲೆ ಟಿಕ್ ಟಿಕ್ ಅಂತ ಆಡಿಸ್ತೀಯಲ್ಲ, ಅದು?"

ಮಾತಿಗೆ ಮಾತು ಬೆಳೆದು ಬಾಗಿಲಿನವರೆಗೂ ಬಂತು. ಆಮೇಲೆ ಇಬ್ಬರ ಬಾಯಿಗೂ ಬೀಗ. ಏನಿದ್ದರೂ ಅತ್ತೆಯ ಮೂಲಕವೇ ಹೋಗಬೇಕು, ಬರಬೇಕು. ಗುಂಡಿಯಿಲ್ಲದ ಅಂಗಿಗಳು ಯಂತ್ರದ ಪಕ್ಕದಲ್ಲಿ ರಾಶಿ ಬಿದ್ದವು. ಹಿರಿಯವಳೇ ಹೊಲಿಯಬಹುದಿತ್ತು. ಯಾಕೋ ಕೈ ಬರಲಿಲ್ಲ.

ಈಗ ಬಡಗಿ ಚೌಕಟ್ಟು ಹಿಡಿದು ನೋಡಿದ. "ಅಮ್ಮ, ಈ ಸ್ವಿಚ್ಚು ಅಡ್ಡ ಬರುತ್ತೆ. ಇದನ್ನ ಪಕ್ಕಕ್ಕೆ ಸರಿಸದೆ ಚೌಕಟ್ಟು ಕೂರಲ್ಲ."

ಬೀದಿ ಕೊನೆಯ ವೈರ್‌ಮನ್ ಬಂದ. ಕಿವಿಯ ಮೇಲೆ ಟೆಸ್ಟರು, ಬಾಯಲ್ಲಿ ಎಡೆಬಿಡದ ಮಾತು. ಬಂದವನೇ ಸ್ವಿಚ್ಚು ಒತ್ತಿದ. ಕತ್ತಲೆ.

"ಬಲ್ಬು ಹೋಗಿದೆಯಾ ಅಕ್ಕ?"

"ಬಲ್ಬಿಗೇನು ಧಾಡಿ? ಮೇಲಿನವರು ಆರಿಸಿದ್ದಾರೆ."

"ಆರಿಸಲಿ ಬಿಡಿ. ಅವರು ಮೇಲೆ ಆರಿಸಿದರೂ ಇಲ್ಲಿ ಹತ್ತಬೇಕು. ಅದಕ್ಕೇ ತಾನೇ ಎರಡು ಕಡೆ ಇಡೋದು?"

"ಇದು ಹೊಸ ಮಾದರಿಯಂತೆ."

"ಯಾರು ಹೇಳಿದ್ದು?"

ವೈರ್‌ಮನ್ ಗಲ್ಲ ಕೆರೆದುಕೊಂಡು, "ಸರಿಸೋದು ಆಮೇಲೆ. ಮೊದಲು ಇದರ ರೋಗ ನೋಡೋಣ. ಒಬ್ಬರು ಮೇಲೆ ನಿಲ್ಲಿ, ಒಬ್ಬರು ಕೆಳಗೆ. ಹಾಕಿದ್ದು ಆರಿಸಿದ್ದು ಕೂಗಿ ಹೇಳಿ," ಅಂದ.

ಗಂಡಸರು ಕೆಲಸಕ್ಕೆ ಹೋಗಿದ್ದರು. ಉಳುಕಿದ ಕಾಲಿನಿಂದಾಗಿ ಕಿರಿಯವಳು ಮನೆಯಲ್ಲೇ ಇದ್ದಳು. ಅವಳು ಮೇಲೆ ನಿಂತಳು, ಇವಳು ಕೆಳಗೆ. ವೈರ್‌ಮನ್ ನಡುವೆ, ಬಲ್ಬಿನ ಕೆಳಗೆ. ಅತ್ತೆ ಗೋಡೆ ಹಿಡಿದು ಹತ್ತಿ ಅವನ ಪಕ್ಕದ ಮೆಟ್ಟಿಲಲ್ಲಿ ಕೂತಳು.

"ಅತ್ತೆ, ನಾನು ಹಾಕಿದ್ದೀನಿ ಅಂತ ಹೇಳಿ," ಅಂತು ಕೆಳಗಿನ ದನಿ.

"ಹಾಕಿದ್ದಾಳಂತೆ," ಅಂದಳು ಅತ್ತೆ ಮೇಲೆ ನೋಡಿ.

"ನಾನೂ ಹಾಕಿದೆ ಅನ್ನಿ ಅತ್ತೆ." ದೀಪ ಹತ್ತಿತು.

"ಇವಳೂ ಹಾಕಿದಳಂತೆ."

ವೈರ್‌ಮನ್ ಆ ಕಡೆ ಈ ಕಡೆ ನೋಡಿದ. "ಅಜ್ಜಿ, ಅವರಿಬ್ಬರಿಗೂ ಕಿವಿ ಕೇಳಿಸಲ್ವಾ?"

"ಕಿವಿ ಚೆನ್ನಾಗಿದೆಯಪ್ಪ. ಮೂಗು ಸ್ವಲ್ಪ ಉದ್ದ, ಅದರ ತುದಿಗೇ ಕೋಪ. ನನ್ನ ಗಂಟಲು ಒಣಗಿತು ಕಣ್ರೇ, ಇನ್ನು ನೀವೇ ಕೂಗಿಕೊಳ್ಳಿ."

"ಸರಿ, ಕೆಳಗಿನವರು ಆರಿಸಿ," ಅಂದ ವೈರ್‌ಮನ್. ಹಿರಿಯವಳು ಆರಿಸಿದಳು. ಕತ್ತಲೆ. "ಈಗ ಮೇಲಿನವರು ಹತ್ತಿಸಿ."

ಟಿಕ್. ಕತ್ತಲೆ ಹಾಗೇ ಇತ್ತು.

ಟಿಕ್ ಟಿಕ್. ಟಿಕ್ ಟಿಕ್ ಟಿಕ್.

ಹಿರಿಯವಳ ಕೈ ಗೋಡೆಯ ಮೇಲೆ ಹಾಗೇ ನಿಂತಿತು. ದಿನಾ ಸಂಜೆ ಕೇಳಿಸುತ್ತಿದ್ದ ಸದ್ದು ಇದೇ. ಆಡಿಸುವವಳ ಕೈಯಲ್ಲ ಇದು. ಕತ್ತಲಲ್ಲಿ ದಾರಿ ಕಾಣದೆ ತಡಕುವವಳ ಕೈ. ಅವಳು ತನ್ನ ಸ್ವಿಚ್ಚು ಒತ್ತಿದಳು. ದೀಪ ಹತ್ತಿತು. ಮೇಲೆ ಕಿರಿಯವಳು ಒಂದು ಕಾಲು ಎತ್ತಿಕೊಂಡು, ಗೋಡೆಗೆ ಒರಗಿ, ಬೆರಳನ್ನು ಸ್ವಿಚ್ಚಿನ ಮೇಲೆ ಇಟ್ಟುಕೊಂಡೇ ನಿಂತಿದ್ದಳು.

"ಏ! ದಿನಾ ನೀನು ಟಿಕ್ ಟಿಕ್ ಅನ್ನಿಸ್ತಿದ್ದದ್ದು ಇದೇನಾ?"

"ಮತ್ತೆ? ತಾಳ ಹಾಕ್ತಿದ್ದೆ ಅಂದ್ಕೊಂಡ್ರಾ ಅಕ್ಕ?" ಅಂದವಳು ಕೆಳಗೆ ಬಗ್ಗಿ ಕೇಳಿದಳು, "ಹಾಗಾದ್ರೆ ನೀವು?"

"ನಾನೂ ಅಷ್ಟೇ ಕಣೇ. ಬಕೆಟ್ಟು ಹಿಡ್ಕೊಂಡು."

ವೈರ್‌ಮನ್ ಮೇನ್ ಸ್ವಿಚ್ಚು ಆರಿಸಿ, ಕೆಳಗಿನದನ್ನು ಬಿಚ್ಚಿ ನೋಡಿದ, ಮೇಲಿನದನ್ನು ಬಿಚ್ಚಿದ, ನಕ್ಕ. "ಮೂರು ವೈರು ಅಕ್ಕ. ಬಲ್ಬಿಗೆ ಹೋಗೋದು ನಡುವಿನ ಸ್ಕ್ರೂಗೆ ಬರಬೇಕು. ಇಲ್ಲಿ ಅದನ್ನ ಪಕ್ಕಕ್ಕೆ ತಳ್ಳಿ, ಪಕ್ಕದ್ದನ್ನ ನಡುವೆ ಕೂರಿಸಿದ್ದಾರೆ. ಅದಕ್ಕೇ ಇಬ್ಬರೂ ಹೂಂ ಅಂದ್ರೆ ಬೆಳಕು, ಒಬ್ಬರು ಊಹೂಂ ಅಂದ್ರೂ ಕತ್ತಲೆ."

"ಈ ಮನೆ ಹಾಗೇ," ಅಂದಳು ಅತ್ತೆ.

"ಯಾವ ಪುಣ್ಯಾತ್ಮ ಹಾಕಿದ್ದು?"

"ಎರಡೂ ನಾನು ಹೆತ್ತವೇ," ಅಂತ ಅತ್ತೆ ತಲೆ ಚಚ್ಚಿಕೊಂಡಳು. ಮೇಲೆ ನಗು ಕಿಸಕ್ಕೆಂದಿತು. ಕೆಳಗಿನವಳು ತಡೆದಳು, ತಡೆದಳು, ಆಗಲಿಲ್ಲ.

ವೈರು ಅದಲುಬದಲಾಗಿ ದೀಪ ಸರಿಯಾಯಿತು. ಬಡಗಿ ಮಾತ್ರ ಚೌಕಟ್ಟು ಹಿಡಿದು ಇನ್ನೂ ನಿಂತಿದ್ದ. "ಸ್ವಿಚ್ಚು ಸರಿಸ್ತಾರಾ? ನಾನು ಇದನ್ನ ಕೂರಿಸಬೇಕಲ್ಲ?"

ನಗು ನಿಂತಿತು. ಬಾಗಿಲು ಬೇಕೆಂದವಳು ಮೇಲಿನವಳಲ್ಲ. ಹಿರಿಯವಳು ಬಾಗಿಲನ್ನು ಒಮ್ಮೆ, ಅಂಗಿಗಳ ರಾಶಿಯನ್ನು ಒಮ್ಮೆ ನೋಡಿದಳು.

"ಬಾಗಿಲಿಗೆ ಕಾಲು ಹಚ್ಚೋಕಾಗುತ್ತಾ?"

"ಬಾಗಿಲಿಗಾ?"

"ನಾಲ್ಕು ಕಾಲು. ಬಟ್ಟೆ ಕತ್ತರಿಸೋಕೆ ನನಗೊಂದು ಮೇಜು ಬೇಕಿತ್ತು."

ಬಡಗಿ ಚೌಕಟ್ಟನ್ನು ಮೇಲೆ ಕೆಳಗೆ ನೋಡಿದ. "ಇದರ ಮರದಲ್ಲೇ ಕಾಲು ಬರುತ್ತೆ," ಅಂದ.

ಹಿರಿಯವಳು ಮೆಟ್ಟಿಲು ಹತ್ತಿ ಹೋಗಿ ಕಿರಿಯವಳ ತೋಳು ಹಿಡಿದಳು. "ನಿಧಾನ ಇಳಿ. ನಾನು ಆಡಿದ್ದನ್ನ ಹೊಟ್ಟೆಗೆ ಹಾಕ್ಕೊಂಡುಬಿಡು."

"ನಾನು ಆಡಿದ್ದನ್ನ ನೀವು ಹಾಕ್ಕೊಳ್ಳಿ ಅಕ್ಕ. ಗುಂಡಿ ಎಷ್ಟು ಉಳಿದಿವೆ?"

ಸಂಜೆ ಮನೆಗೆ ಬಂದ ಅಣ್ಣ, "ನಾನು ಅವತ್ತೇ ಹೇಳಿದ್ದೆ, ಮೇಲಿನದು ತಪ್ಪು ಅಂತ," ಅಂದ. "ನೀನೆಲ್ಲಿ ಹೇಳಿದ್ದೆ ಅಣ್ಣ?" ಅಂದ ತಮ್ಮ. ಅತ್ತೆ ಮನೆಯ ಸ್ಕ್ರೂಡ್ರೈವರನ್ನು ತೆಗೆದುಕೊಂಡು ಹೋಗಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.

ಗುಂಡಿ ಮುಗಿಸಿ ಕಿರಿಯವಳು ಕುಂಟುತ್ತಾ ಮೇಲೆ ಹೋದಳು. ಮೇಲೆ ಟಿಕ್, ದೀಪ ಆರಿತು. ಕೆಳಗೆ ಟಿಕ್, ಹತ್ತಿತು. ಮೇಲೆ ಟಿಕ್. ಕೆಳಗೆ ಟಿಕ್.

"ಕರೆಂಟೇನು ನಿಮ್ಮ ತವರುಮನೆಯಿಂದ ಬರುತ್ತಾ?" ಅಂತ ಅತ್ತೆ ಒಳಗಿನಿಂದ ಕೂಗಿದಳು. "ಸಾಕು ಆಟ!"

ಇನ್ನೊಂದು ಸಲ ಟಿಕ್ ಅಂದಿತು. ಯಾವ ಕಡೆಯಿಂದ ಅಂತ ಅತ್ತೆ ಕೇಳಲಿಲ್ಲ.